ಅಕ್ಟೋಬರ್‌ನಲ್ಲಿ ಕುದುರೆಮುಖ, ಅಪ್ಪನಿಗೆ 61. ಕರೆದುಕೊಂಡು ಹೋಗಬಹುದಾ?

ಬಸವನಗುಡಿ_ವನಜ (ಸೆಪ್ಟೆಂಬರ್ 9)

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ.

ಅಪ್ಪ 1986ರಲ್ಲಿ ಕುದುರೆಮುಖ ಟೌನ್‌ಶಿಪ್‌ಗೆ ಕೆಲಸಕ್ಕೆ ಹೋದವರು. ಕಬ್ಬಿಣದ ಅದಿರಿನ ಗಣಿಯಲ್ಲಿ ಶಿಫ್ಟ್ ಕೆಲಸ. 2005ರ ಕೊನೆಗೆ ಗಣಿ ನಿಂತ ಮೇಲೆ ಬೆಂಗಳೂರಿಗೆ ಬಂದೆವು. ನಾನು, ನನ್ನ ತಮ್ಮ ಇಬ್ಬರೂ ಹುಟ್ಟಿದ್ದು ಅಲ್ಲೇ. ಅಷ್ಟು ವರ್ಷ ಆ ಬೆಟ್ಟದ ಬುಡದಲ್ಲಿದ್ದೂ ಅಪ್ಪ ಒಂದು ದಿನವೂ ಹತ್ತಲಿಲ್ಲ. ಕೇಳಿದರೆ "ರಜೆ ಇದ್ದ ದಿನ ಮಳೆ, ಮಳೆ ಇಲ್ಲದ ದಿನ ಡ್ಯೂಟಿ" ಅನ್ನುತ್ತಾರೆ. ಈಗ ಹತ್ತಬೇಕಂತೆ. ಗಣಿಗಾಗಿ ಅಲ್ಲಿದ್ದವರು ಈಗ ಕಾಡು ನೋಡಲು ಹೊರಟಿದ್ದಾರೆ ಅಂತ ಅಮ್ಮ ತಮಾಷೆ ಮಾಡುತ್ತಾರೆ.

ಅಕ್ಟೋಬರ್ ಮೊದಲ ಶನಿವಾರಕ್ಕೆ ಯೋಚನೆ. ಅಪ್ಪ, ತಮ್ಮ (26, ಜಿಮ್‌ಗೆ ಹೋಗುತ್ತಾನೆ), ನಾನು. ಅಪ್ಪನಿಗೆ ಬಿಪಿ ಇದೆ, ಮಾತ್ರೆಯಲ್ಲಿ ಹಿಡಿತದಲ್ಲಿದೆ. ದಿನಾ ಲಾಲ್‌ಬಾಗ್‌ನಲ್ಲಿ ನಾಲ್ಕು ಕಿಲೋಮೀಟರ್ ನಡೆಯುತ್ತಾರೆ. ನನ್ನ ಮಟ್ಟಿಗೆ ಬ್ಯೂಗಲ್ ರಾಕ್ ಹತ್ತಿದ್ದೇ ದೊಡ್ಡ ಸಾಧನೆ. ಆಗುತ್ತದಾ? ಏನೇನು ಬೇಕು? ಇಂಬಳದ ವಿಷಯ ಕೇಳಿದರೇ ಮೈ ಜುಮ್ ಅನ್ನುತ್ತಿದೆ.


ಕಳಸದ_ಕಾಫಿ (ಸೆಪ್ಟೆಂಬರ್ 9)

ಬನ್ನಿ ಮೇಡಂ, ನಿಮ್ಮ ತಂದೆಯವರು ಅರ್ಧ ನಮ್ಮ ಊರಿನವರೇ ಆದರು.

ಕುದುರೆಮುಖ ಕಷ್ಟದ ಬೆಟ್ಟ ಅಲ್ಲ, ಉದ್ದದ ಬೆಟ್ಟ. ಹಗ್ಗ ಹಿಡಿದು ಹತ್ತುವಂಥ ಬಂಡೆ ಒಂದೂ ಇಲ್ಲ. ಆದರೆ ನಡಿಗೆ ಶುರುವಾಗುವ ಮುಳ್ಳೋಡಿಯಿಂದ ಹೋಗಿ ಬರಲು ಸುಮಾರು 20 ಕಿ.ಮೀ. ತುದಿ 1,892 ಮೀಟರ್. ರಾತ್ರಿ ಮೇಲೆ ಉಳಿಯುವ ಹಾಗಿಲ್ಲ, ರಾಷ್ಟ್ರೀಯ ಉದ್ಯಾನ ಅದು. ಹತ್ತಿದವರು ಅದೇ ದಿನ ಇಳಿಯಲೇಬೇಕು. ಲಾಲ್‌ಬಾಗ್‌ನ ನಾಲ್ಕು ಕಿಲೋಮೀಟರ್ ಒಳ್ಳೆಯದೇ, ಆದರೆ ಇಲ್ಲಿ ಅದರ ಐದರಷ್ಟು ನಡೆಯಬೇಕು. ಅರ್ಧ ಏರು, ಅರ್ಧ ಇಳಿಜಾರು, ಎಲ್ಲಾ ಒದ್ದೆ.

ಮೊದಲು ಬುಕಿಂಗ್ ನೋಡಿ. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲೇ ಆಗಬೇಕು. ದಿನಕ್ಕೆ ಗರಿಷ್ಠ 300 ಜನ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜಾತ್ರೆ ಥರ ಜನ ಸೇರಿ ವಿಡಿಯೋ ಎಲ್ಲಾ ಕಡೆ ಓಡಾಡಿತಲ್ಲ, ಅದರ ನಂತರ ಬಿಗಿಯಾಯಿತು. ವಾರಾಂತ್ಯದ ಟಿಕೆಟ್ ಬೇಗ ಖಾಲಿ. ಗುರುತಿನ ಚೀಟಿ ತನ್ನಿ.

ಕಾರನ್ನು ಬಾಳೆಗಲ್‌ನಲ್ಲಿ ಬಿಟ್ಟು ಜೀಪ್ ಹತ್ತಿ. ಆ ರಸ್ತೆಯಲ್ಲಿ ನಿಮ್ಮ ಕಾರು ಓಡಿಸುವ ಸಾಹಸ ಬೇಡ. ಹಿಂದಿನ ರಾತ್ರಿ ಕಳಸದಲ್ಲೋ ಮುಳ್ಳೋಡಿ ಹತ್ತಿರದ ಹೋಂಸ್ಟೇನಲ್ಲೋ ಉಳಿಯಿರಿ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು, ನಿದ್ದೆ ಇಲ್ಲದ ಕಣ್ಣಲ್ಲಿ ನೇರ ಬೆಟ್ಟ ಹತ್ತುವವರನ್ನು ವಾರವಾರ ನೋಡುತ್ತೇನೆ. ಯಾವ ಕಡೆಯಿಂದ ಬಂದರೂ ತಿರುವುಗಳಲ್ಲಿ ಹೊಟ್ಟೆ ತೊಳಸಿರುತ್ತದೆ. ಅಂಥವರು ಮೊದಲ ಏರಿನಲ್ಲೇ ಕೂರುತ್ತಾರೆ.


ಚಪ್ಪಲಿ_ಚಾರಣ (ಸೆಪ್ಟೆಂಬರ್ 10)

ಇಷ್ಟೊಂದು ಹೆದರಿಸಬೇಡಿ ಸ್ವಾಮಿ. ನಾನು 2015ರಲ್ಲಿ ರಬ್ಬರ್ ಸ್ಯಾಂಡಲ್ ಹಾಕಿಕೊಂಡು, ಒಂದು ಲೀಟರ್ ನೀರಲ್ಲಿ ಹತ್ತಿ ಇಳಿದು ಬಂದೆ. ಅಲ್ಲಿನ ಹಳೇ ಜನ ಬರಿಗಾಲಲ್ಲಿ ಓಡಾಡುತ್ತಿದ್ದರು. ಬೂಟು, ಕೋಲು, ಜಾಕೆಟ್ ಅಂತ ಹತ್ತು ಸಾವಿರ ಖರ್ಚು ಮಾಡಿಸುವುದು ಅಂಗಡಿಯವರ ಆಟ. ಅಪ್ಪನನ್ನು ಕರೆದುಕೊಂಡು ಆರಾಮಾಗಿ ಹೋಗಿ ಬನ್ನಿ ವನಜ.


ಹಳೇಬೂಟು (ಸೆಪ್ಟೆಂಬರ್ 10)

ಚಪ್ಪಲಿಯವರೇ, ಹಳೇ ಜನರ ಕಾಲು ಬೇರೆ, ಕೀಬೋರ್ಡ್ ಮುಂದೆ ಕೂತವರ ಕಾಲು ಬೇರೆ ಅಲ್ವಾ.

ವನಜ ಅವರೇ, ವಸ್ತುಗಳ ಪಟ್ಟಿ ಆಮೇಲೆ. ಮೊದಲು ಗಡಿಯಾರ. 1892ರಲ್ಲಿ ವಿಲಿಯಂ ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಚಾರಣಿಗ ಒಂದು ಲೆಕ್ಕ ಹೇಳಿದ. ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇಲ್ಲಿ 10 ಕಿ.ಮೀ.ಗೆ ಎರಡು ಗಂಟೆ. ಏರು ಸುಮಾರು 900 ಮೀಟರ್, ಅದಕ್ಕೆ ಒಂದೂವರೆ. ಒಟ್ಟು ಮೂರೂವರೆ ಗಂಟೆ. ಇದು ಗಟ್ಟಿಮುಟ್ಟಾದವನು ಒಣ ದಾರಿಯಲ್ಲಿ ಎಲ್ಲೂ ನಿಲ್ಲದೆ ಹೋದರೆ. ಒದ್ದೆ ದಾರಿ, ಇಂಬಳ ಕೀಳುವುದು, ಫೋಟೋ, ತಿಂಡಿ ಎಲ್ಲಾ ಸೇರಿದರೆ ನಿಮಗೆ ಐದು ಗಂಟೆ ಇಟ್ಟುಕೊಳ್ಳಿ. ಇಳಿಯಲು ನಾಲ್ಕು. ಏಳೂವರೆಗೆ ಬಿಟ್ಟರೆ ಹನ್ನೆರಡೂವರೆಗೆ ತುದಿ, ನಾಲ್ಕೂವರೆ ಐದಕ್ಕೆ ಮುಳ್ಳೋಡಿ. ಅಕ್ಟೋಬರ್‌ನಲ್ಲಿ ಆರೂಕಾಲಿಗೆಲ್ಲಾ ಸೂರ್ಯ ಮುಳುಗಿರುತ್ತಾನೆ, ಕಾಡಿನ ಒಳಗೆ ಅದಕ್ಕೂ ಮೊದಲೇ ಕತ್ತಲೆ. ಉಳಿಯುವುದು ಒಂದೇ ಗಂಟೆ ಚಿಲ್ಲರೆ.

ಹಾಗಾಗಿ ಮನೆಯಲ್ಲೇ ಕೂತು ತಿರುಗುವ ಗಂಟೆ ಗೊತ್ತು ಮಾಡಿ. ಹನ್ನೆರಡೂವರೆ ಅಂದರೆ ಹನ್ನೆರಡೂವರೆ. ತುದಿ ಕೈಗೆ ಸಿಗುವ ಹಾಗೆ ಕಂಡರೂ ಅಲ್ಲಿಂದಲೇ ವಾಪಸ್. ಮೇಲೆ ನಿಂತು ತೀರ್ಮಾನ ಮಾಡಲು ಹೋದರೆ ಆಸೆಯೇ ಗೆಲ್ಲುತ್ತದೆ.

ಇದನ್ನು ನಾನು ಕಲಿತಿದ್ದು ಹೀಗೆ. ಎಂಟು ವರ್ಷದ ಹಿಂದೆ, ನವೆಂಬರ್. ದುಡ್ಡು ಕಟ್ಟಿ ಒಂದು ಗುಂಪಿನ ಜೊತೆ ಹೋಗಿದ್ದೆ, ಯಾರದ್ದು ಅಂತ ಹೇಳುವುದಿಲ್ಲ. 38 ಜನ, ಕರೆದುಕೊಂಡು ಹೋಗುವವರು ಇಬ್ಬರು, ಇಬ್ಬರೂ ಮುಂದೆ. ಇಳಿಯುವಾಗ ಒಬ್ಬ ಹುಡುಗಿಗೆ ಮೀನಖಂಡ ಹಿಡಿದುಕೊಂಡಿತು. ಅವಳ ಜೊತೆ ನಾವು ಮೂವರು ಉಳಿದೆವು. ಹಿಂದೆ ನೋಡುವವರು ಯಾರೂ ಇಲ್ಲ, ತಲೆ ಎಣಿಸಿದವರೂ ಇಲ್ಲ. ಹಳ್ಳದ ಹತ್ತಿರ ಬರುವಷ್ಟರಲ್ಲಿ ಆರು ಮುಕ್ಕಾಲು. ಮೊಬೈಲ್ ಟಾರ್ಚ್ ಹಾಕಿದೆ. ಹರಿಯುವ ನೀರಿನ ಮೇಲೆ ಆ ಬೆಳಕು ಬಿದ್ದರೆ ತಳ ಕಾಣುವುದಿಲ್ಲ, ಬರೀ ಬಿಳಿ ಹೊಳಪು. ಕಾಲಿಟ್ಟ ಕಲ್ಲು ಹೊರಳಿತು. ಸೊಂಟದವರೆಗೆ ನೀರಲ್ಲಿ ಕೂತೆ, ಮೊಬೈಲೂ ಹೋಯಿತು. ಉಳಿದ ಮೂವರ ಬಳಿ ಸೇರಿ 11 ಪರ್ಸೆಂಟ್ ಬ್ಯಾಟರಿ. ಕೆಳಗೆ ಹೋದಾಗ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ, ಬೇಗ ಬರಬಾರದಾ ಅಂತ.

ಅವತ್ತಿನಿಂದ ತಲೆಗೆ ಕಟ್ಟುವ ಟಾರ್ಚ್ ಇಲ್ಲದೆ ಹಗಲಲ್ಲೂ ಕಾಡಿಗೆ ಹೋಗುವುದಿಲ್ಲ. ಮೂವರು ಹೋದರೆ ಮೂರು ಟಾರ್ಚ್.


ಡಾಕ್ಟ್ರಮ್ಮ (ಸೆಪ್ಟೆಂಬರ್ 11)

61 ಅನ್ನುವುದು ತಡೆ ಅಲ್ಲ. ಆದರೆ ಹೋಗುವ ಮುಂಚೆ ಅವರ ಡಾಕ್ಟರ್ ಹತ್ತಿರ ಒಂದು ಸಲ ಕೂತು ಮಾತಾಡಿ. "ಎಂಟೊಂಬತ್ತು ಗಂಟೆ ಬೆಟ್ಟ ಹತ್ತಿ ಇಳಿಯುತ್ತಾರೆ" ಅಂತ ಬಿಡಿಸಿ ಹೇಳಿ. ಕೆಲವು ಬಿಪಿ ಮಾತ್ರೆಗಳು ಮೂತ್ರ ಜಾಸ್ತಿ ಮಾಡಿಸುತ್ತವೆ, ಬೆವರಿನ ದಿನ ಅದರ ಬಗ್ಗೆ ಕೇಳಲೇಬೇಕು. ನೀವೇ ಮಾತ್ರೆ ನಿಲ್ಲಿಸಬೇಡಿ. ಹತ್ತುವಾಗ ಎದೆ ಹಿಡಿದಂತಾದರೆ, ದವಡೆಗೋ ಎಡಗೈಗೋ ನೋವು ಇಳಿದರೆ, ಗ್ಯಾಸ್ ಅಂತ ಸಮಾಧಾನ ಮಾಡಿಕೊಳ್ಳದೆ ಅಲ್ಲೇ ನಿಲ್ಲಿ.

ವೇಗಕ್ಕೆ ಸುಲಭದ ಅಳತೆ ಒಂದಿದೆ. ನಡೆಯುತ್ತಾ ಮಾತಾಡಲು ಆಗಬೇಕು. ಮಾತು ತುಂಡಾದರೆ ಹೆಜ್ಜೆ ನಿಧಾನ ಮಾಡಿ. ಮೂರು ವಾರ ಇದೆ. ಮೆಟ್ಟಿಲು ಹತ್ತಿ ಇಳಿಯಲಿ, ಇಳಿಯುವುದು ಮುಖ್ಯ, ಮಂಡಿ ಕೈಕೊಡುವುದು ಅಲ್ಲಿ. ಒಂದು ಭಾನುವಾರ ಮೂವರೂ ಶಿವಗಂಗೆ ಹತ್ತಿ ಬನ್ನಿ. ಅವತ್ತು ಹಾಕಿದ ಶೂ, ಹೊತ್ತ ಚೀಲ ಎಲ್ಲಾ ಕುದುರೆಮುಖಕ್ಕೆ ಒಯ್ಯುವುದೇ ಆಗಿರಲಿ.

ಇನ್ನೊಂದು, ಚಳಿ. ಮಲೆನಾಡಲ್ಲಿ ಚಳಿಗೆ ಯಾರಿಗಾದರೂ ಅಪಾಯ ಆಗುತ್ತದಾ ಅಂತ ನಗುತ್ತೀರಿ. ಒದ್ದೆ ಬಟ್ಟೆ, ಗಾಳಿ, ಸುಸ್ತು ಮೂರೂ ಸೇರಿದರೆ ಹದಿನೈದು ಡಿಗ್ರಿಯಲ್ಲೂ ಮೈ ಬಿಸಿ ಇಳಿಯುತ್ತದೆ. ಮೊದಲು ನಡುಕ. ಆಮೇಲೆ ಎಡವುವುದು, ಮಾತು ತೊದಲುವುದು. ಜಿಪ್ ಎಳೆಯಲು ಬೆರಳು ಕೇಳುವುದಿಲ್ಲ. "ನನ್ನ ಪಾಡಿಗೆ ಬಿಡಿ, ಇಲ್ಲೇ ಕೂರುತ್ತೇನೆ" ಅಂತ ಸಿಡುಕುತ್ತಾರೆ. ಆಗ ನಿಜವಾಗಿ ಬಿಡಬಾರದು. ಒದ್ದೆ ಬಟ್ಟೆ ತೆಗೆಸಿ ಒಣಗಿದ್ದು ಹಾಕಿಸಿ, ಗಾಳಿ ಬಡಿಯದ ಕಡೆ ಕೂರಿಸಿ, ಸಿಹಿ ಕೊಡಿ. ಬಿಸಿ ಚಹಾ ಇದ್ದರೆ ಬಹಳ ಒಳ್ಳೆಯದು. ಬ್ರಾಂದಿ ಬೇಡವೇ ಬೇಡ, ಅದು ಮೈ ಬಿಸಿಯನ್ನು ಇನ್ನೂ ಬೇಗ ಹೊರಗೆ ಬಿಡುತ್ತದೆ.


ಬಸವನಗುಡಿ_ವನಜ (ಸೆಪ್ಟೆಂಬರ್ 11)

ತುಂಬಾ ಉಪಕಾರ ಆಯಿತು. ಮೂವರಿಗೂ ಟಿಕೆಟ್ ಸಿಕ್ಕಿತು! ಅಪ್ಪ ಈ ಮಾತುಕತೆಯ ಪ್ರಿಂಟ್ ತೆಗೆಸಿ ಫ್ರಿಜ್ ಮೇಲೆ ಅಂಟಿಸಿದ್ದಾರೆ. ‘ಹನ್ನೆರಡೂವರೆ’ ಸುತ್ತ ಕೆಂಪು ಪೆನ್ನಲ್ಲಿ ಗೆರೆ.

ತಮ್ಮ ಜೀನ್ಸ್ ಹಾಕುತ್ತಾನಂತೆ, ಇಂಬಳ ಒಳಗೆ ನುಗ್ಗಲ್ಲ ಅಂತ. ಸರಿಯಾ?


ಹಳೇಬೂಟು (ಸೆಪ್ಟೆಂಬರ್ 11)

ಜೀನ್ಸ್ ಬೇಡ. ಒದ್ದೆಯಾದರೆ ಎರಡು ಕಿಲೋ ಭಾರ, ಸಂಜೆವರೆಗೂ ಒಣಗಲ್ಲ, ತೊಡೆ ಉಜ್ಜಿ ಗಾಯ. ಕಬಡ್ಡಿ ಆಡುವವರು ಹಾಕುವಂಥ ಪಾಲಿಯೆಸ್ಟರ್ ಟ್ರ್ಯಾಕ್ ಪ್ಯಾಂಟ್ ಸಾಕು. ಮೇಲಕ್ಕೂ ಹತ್ತಿ ಬನಿಯನ್ ಬದಲು ಅದೇ ಜಾತಿಯ ಟೀ ಶರ್ಟ್.


ಇಂಬಳಕ್ಕೆ_ಇಷ್ಟ (ಸೆಪ್ಟೆಂಬರ್ 12)

ನನ್ನ ವಿಷಯಕ್ಕೆ ಬಂದಿರಿ. ಅಕ್ಟೋಬರ್ ಮೊದಲ ವಾರ ಅಂದರೆ ಇಂಬಳ ಪಕ್ಕಾ. ಕಾಲುದಾರಿಯ ಎಲೆ ತುದಿಯಲ್ಲಿ ನಿಂತು ತಲೆ ಆಡಿಸುತ್ತಿರುತ್ತವೆ, ಬಸ್ಸಿಗೆ ಕೈ ಮಾಡುವವರ ಥರ.

ಮೊಣಕಾಲವರೆಗೆ ಬರುವ ಒತ್ತು ನೇಯ್ಗೆಯ ಲೀಚ್ ಸಾಕ್ಸ್ ಸಿಗುತ್ತದೆ, ಅದನ್ನೇ ತಗೊಳ್ಳಿ. ಪ್ಯಾಂಟನ್ನು ಅದರೊಳಗೆ ಸೇರಿಸಿ. ಕಚ್ಚಿದರೆ ಎಳೆಯಬೇಡಿ. ಸಣ್ಣ ತುದಿ ಯಾವುದೋ ಅದು ಬಾಯಿ. ಅದರ ಪಕ್ಕ ಉಗುರು ಇಟ್ಟು ಚರ್ಮಕ್ಕೆ ಒತ್ತಿಕೊಂಡು ಸರಿಸಿ, ಆಮೇಲೆ ದಪ್ಪ ತುದಿ. ಎರಡೂ ಕಡೆ ಅಂಟಿಕೊಂಡಿರುತ್ತದೆ, ಅದಕ್ಕೇ ಎಳೆದಷ್ಟೂ ರಬ್ಬರ್ ಥರ ಉದ್ದ ಆಗುವುದು. ತೆಗೆದ ಮೇಲೂ ರಕ್ತ ನಿಲ್ಲಲ್ಲ. ಅದರ ಎಂಜಲಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಪದಾರ್ಥ ಇದೆ. ಒಂದೆರಡು ಗಂಟೆ ಸೋರಿದರೂ ಗಾಬರಿ ಬೇಡ. ತೊಳೆದು ಬಟ್ಟೆ ಕಟ್ಟಿ.


ಸಾಗರದ_ಸಾವಿತ್ರಿ (ಸೆಪ್ಟೆಂಬರ್ 12)

ನಮ್ಮ ತೋಟದಲ್ಲಿ ಹೊಗೆಸೊಪ್ಪು ನೆನೆಸಿದ ನೀರು ಕಾಲಿಗೆ ಹಚ್ಚುತ್ತೇವೆ. ಸುಣ್ಣವೂ ಆಗುತ್ತದೆ.


ಚಪ್ಪಲಿ_ಚಾರಣ (ಸೆಪ್ಟೆಂಬರ್ 12)

ಉಪ್ಪು ಒಂದು ಮುಷ್ಟಿ. ಉಳಿದಿದ್ದೆಲ್ಲಾ ಆಡಂಬರ.


ಇಂಬಳಕ್ಕೆ_ಇಷ್ಟ (ಸೆಪ್ಟೆಂಬರ್ 12)

ತೋಟದಲ್ಲಿ ಮಾಡಿಕೊಳ್ಳಿ ಸಾವಿತ್ರಿ ಅಕ್ಕ. ಕಾಡಿನಲ್ಲಿ ಬೇಡ ಅನ್ನುವುದು ನನ್ನ ಹಟ. ದಿನಕ್ಕೆ ಮುನ್ನೂರು ಜನ ಉಪ್ಪು, ಹೊಗೆಸೊಪ್ಪು, ಡೆಟಾಲ್ ಸುರಿದುಕೊಂಡು ಹಳ್ಳ ದಾಟಿದರೆ ಆ ನೀರಲ್ಲಿರುವ ಕಪ್ಪೆಗಳ ಗತಿ ಏನು? ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಕಪ್ಪೆಗಳಿವೆ ಅಲ್ಲಿ. ಸಾಕ್ಸ್ ಸಾಕು.


ಸಾಗರದ_ಸಾವಿತ್ರಿ (ಸೆಪ್ಟೆಂಬರ್ 13)

ಒಪ್ಪಿದೆ ತಮ್ಮ. ಆದರೆ ಇಂಬಳಕ್ಕೆ ಹೆದರುವವರು ಉಣುಗಿಗೆ, ಅಂದರೆ ಉಣ್ಣಿಗೆ, ಹೆದರುವುದಿಲ್ಲ, ಅದು ನನಗೆ ಬೇಸರ. ಇಂಬಳ ಬರೀ ರಕ್ತ ಕುಡಿಯುತ್ತದೆ. ಉಣುಗು ಮಂಗನ ಕಾಯಿಲೆ ತರುತ್ತದೆ. 1957ರಲ್ಲಿ ಅದು ಮೊದಲು ಕಂಡಿದ್ದು ನಮ್ಮ ಕಡೆಯೇ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದರ ಕಾಲ ಡಿಸೆಂಬರಿಂದ ಮೇವರೆಗೆ. ಆಗ ಹೋಗುವವರು ತರಗೆಲೆ ಮೇಲೆ ಕೂರಬೇಡಿ, ಪೂರ್ತಿ ತೋಳಿನ ಅಂಗಿ ಹಾಕಿ, ಬಂದ ತಕ್ಷಣ ಬಿಸಿನೀರಲ್ಲಿ ಮಿಂದು ಬಟ್ಟೆ ನೆನೆಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯದವರಿಗೆ ತಿಳಿಸಿ. ಮನೆಗೆ ಬಂದ ಮೇಲೆ ಜೋರು ಜ್ವರ ಬಂದರೆ ಡಾಕ್ಟರಿಗೆ "ಕಾಡಿಗೆ ಹೋಗಿದ್ದೆ" ಅಂತ ಹೇಳಿ. ಬೆಂಗಳೂರಿನ ಡಾಕ್ಟರಿಗೆ ನೀವು ಹೇಳದಿದ್ದರೆ ಅದು ಹೊಳೆಯುವುದಾದರೂ ಹೇಗೆ.


ಡಾಕ್ಟ್ರಮ್ಮ (ಸೆಪ್ಟೆಂಬರ್ 13)

ಸಾವಿತ್ರಿಯವರ ಕೊನೆಯ ಸಾಲಿಗೆ ನನ್ನದೊಂದು ಸಹಿ.

ಹಾವಿನ ಬಗ್ಗೆ ಯಾರೂ ಕೇಳಲಿಲ್ಲ. ಎರಡೇ ಮಾತು. ಕೈ ಇಡುವ, ಕೂರುವ ಜಾಗ ನೋಡಿ ಇಡಿ. ಗುಳಿ ಮಂಡಲ ಅನ್ನುವ ವಿಷದ ಹಾವು ಎಲೆ ಬಣ್ಣದಲ್ಲೇ ಕೊಂಬೆ ಮೇಲೆ ಸುಮ್ಮನೆ ಮಲಗಿರುತ್ತದೆ. ಕಚ್ಚಿದರೆ ಕೊಯ್ಯುವುದು, ಹೀರುವುದು, ದಾರ ಬಿಗಿಯುವುದು ಯಾವುದೂ ಬೇಡ. ಉಂಗುರ, ಗಡಿಯಾರ ತೆಗೆದು, ಕಚ್ಚಿದ ಭಾಗ ಆಡಿಸದೆ, ಹೊತ್ತುಕೊಂಡು ಇಳಿಸಿ 108ಕ್ಕೆ ಫೋನ್ ಮಾಡಿ. ನಮ್ಮಲ್ಲಿ ಸಿಗುವ ಔಷಧಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಗುಳಿ ಮಂಡಲಕ್ಕೆ ಅದು ಹೊಂದುವುದಿಲ್ಲ. ಹಾಗಂತ ಆಸ್ಪತ್ರೆಗೆ ಹೋಗದೆ ಇರಬೇಡಿ, ಬಾವು ನೋವು ನೋಡಿಕೊಳ್ಳಲು ಡಾಕ್ಟರ್ ಬೇಕೇ ಬೇಕು.


ಭೌತಶಾಸ್ತ್ರ_ಮೇಷ್ಟ್ರು (ಸೆಪ್ಟೆಂಬರ್ 15)

ಅಕ್ಟೋಬರ್ ಅಂದಿರಿ. ಮುಂಗಾರು ಹಿಂದೆ ಸರಿಯುವ ಕಾಲ. ಜೂನ್ ಜುಲೈ ಮಳೆ ಸುಮ್ಮನೆ ಸುರಿಯುತ್ತದೆ. ಅಕ್ಟೋಬರ್ ಮಳೆ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಕಟ್ಟಿಕೊಂಡು ಬರುತ್ತದೆ. ಬೆಳಿಗ್ಗೆ ನೀಲಿ ಆಕಾಶ ನೋಡಿ ಮೋಸ ಹೋಗಬೇಡಿ.

ಆ ಬೆಟ್ಟದ ಮೇಲರ್ಧ ಪೂರ್ತಿ ಹುಲ್ಲುಗಾವಲು. ಅಲ್ಲಿ ನೀವೇ ಎತ್ತರದ ವಸ್ತು. ಮಿಂಚು ಕಂಡ ಮೇಲೆ ಎಣಿಸಿ. ಶಬ್ದ ಸುಮಾರು ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಸಾಗುತ್ತದೆ. ಮೂವತ್ತು ಎಣಿಸುವ ಮೊದಲೇ ಗುಡುಗು ಕೇಳಿಸಿತು ಅಂದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ಆಗಲೇ ಬೆಟ್ಟದ ಏಣಿನಿಂದ ಇಳಿಯಲು ಶುರು ಮಾಡಬೇಕು. ಎಲ್ಲರೂ ಒಟ್ಟಿಗೆ ಗುಂಪುಗೂಡಿ ನಿಲ್ಲಬೇಡಿ.

ಈ ದಾರಿಯ ಪ್ರಸಿದ್ಧ ಗುರುತು ಯಾವುದು ಹೇಳಿ? ‘ಒಂಟಿ ಮರ’. ಮಳೆ ಬಂದರೆ ಎಲ್ಲರೂ ಓಡಿಹೋಗಿ ನಿಲ್ಲುವುದು ಅದರ ಕೆಳಗೇ. ಸಿಡಿಲಿಗೆ ಅಡ್ರೆಸ್ ಬರೆದುಕೊಟ್ಟ ಹಾಗೆ.


ಕಳಸದ_ಕಾಫಿ (ಸೆಪ್ಟೆಂಬರ್ 15)

ಮೇಷ್ಟ್ರೇ, ಆ ಕೊನೆಯ ಮಾತನ್ನು ಬೋರ್ಡ್ ಮಾಡಿ ಅಲ್ಲಿ ನಿಲ್ಲಿಸಬೇಕು. ಕಾಡಲ್ಲಿ ಬೋರ್ಡ್ ಜಾಸ್ತಿ ಆಗುವುದು ನನಗೆ ಇಷ್ಟ ಇಲ್ಲ, ಅದು ಬೇರೆ.

ಹಳ್ಳದ ಬಗ್ಗೆ ನಾನು ಹೇಳಬೇಕು. ದಾರಿಯಲ್ಲಿ ಹಲವು ಹಳ್ಳ ದಾಟಬೇಕು. ಬೆಳಿಗ್ಗೆ ಪಾದ ಮುಳುಗುವಷ್ಟು ಇದ್ದಿದ್ದು ಮೇಲೆ ಒಂದು ಗಂಟೆ ಮಳೆ ಹೊಡೆದರೆ ಮಂಡಿ ದಾಟುತ್ತದೆ. ನೀವು ನಿಂತ ಕಡೆ ಬಿಸಿಲಿರಬಹುದು, ಮೇಲೆ ಸುರಿದಿರುತ್ತದೆ. ನೀರಿನ ಬಣ್ಣ ನೋಡಿ. ತಿಳಿ ನೀರು ಕಾಫಿ ಬಣ್ಣಕ್ಕೆ ತಿರುಗಿ, ಎಲೆ ಕಡ್ಡಿ ತೇಲಿ ಬರಲು ಶುರುವಾದರೆ ದಡದಲ್ಲೇ ಕೂತುಬಿಡಿ. ಹೇಗೆ ಬೇಗ ಏರುತ್ತದೋ ಹಾಗೇ ಬೇಗ ಇಳಿಯುತ್ತದೆ. ಅರ್ಧ ಗಂಟೆ ಕಾದರೆ ಏನೂ ಹೋಗಲ್ಲ. ದಾಟುವಾಗ ಚೀಲದ ಸೊಂಟಪಟ್ಟಿ ಬಿಚ್ಚಿರಿ, ಬಿದ್ದರೆ ಚೀಲ ಹೋಗಲಿ. ಶೂ ಬಿಚ್ಚಬೇಡಿ. ಒದ್ದೆ ಶೂ ವಾಸಿ, ಮುರಿದ ಪಾದ ಅಲ್ಲ.

ಕಾಟಿ, ಅಂದರೆ ಕಾಡುಕೋಣ, ಕಂಡರೆ ಫೋಟೋಗೆ ಹತ್ತಿರ ಹೋಗಬೇಡಿ. ಕಣಿವೆಯ ಶೋಲಾ ಕಾಡಿನಿಂದ ಹುಲ್ಲಿಗೆ ಬರುವ ಜಾಗದಲ್ಲಿ ಹಠಾತ್ತಾಗಿ ಎದುರಾಗುತ್ತವೆ. ಸಾವಿರ ಕಿಲೋ ಹತ್ತಿರ ತೂಗುವ ಪ್ರಾಣಿ. ನಿಂತು, ಅದಕ್ಕೆ ದಾರಿ ಬಿಟ್ಟು, ಅದು ಹೋದ ಮೇಲೆ ಹೋಗಿ. ಸಾಮಾನ್ಯವಾಗಿ ಅದಕ್ಕೂ ನಿಮ್ಮ ಸಹವಾಸ ಬೇಕಿಲ್ಲ.

ಮಂಜು ಮುಚ್ಚಿದರೆ ಹತ್ತು ಅಡಿ ಮುಂದೆ ಏನೂ ಕಾಣಲ್ಲ. ಅಕ್ಟೋಬರ್‌ನಲ್ಲಿ ಹುಲ್ಲು ಆಳೆತ್ತರ ಇರುತ್ತದೆ, ದನ ನಡೆದ ದಾರಿ, ಕಡವೆ ನಡೆದ ದಾರಿ ಎಲ್ಲಾ ಕಾಲುದಾರಿ ಥರವೇ. ಗೈಡ್‌ನ ಬೆನ್ನು ಕಾಣದೆ ಇದ್ದರೆ ಹೆಜ್ಜೆ ಇಡಬೇಡಿ. ಒಂದು ಸೀಟಿ ಕೊರಳಲ್ಲಿರಲಿ, ಮೂರು ಸಲ ಊದಿ, ಕಾದು, ಮತ್ತೆ ಮೂರು. ಕೂಗಿದರೆ ಗಂಟಲು ಹೋಗುತ್ತದೆ, ಸೀಟಿ ಹೋಗಲ್ಲ. ಮೊಬೈಲ್ ಸಿಗ್ನಲ್ ನಂಬಬೇಡಿ. ನಕ್ಷೆ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಬನ್ನಿ. ಎಷ್ಟು ಹೊತ್ತಿಗೆ ವಾಪಸ್ ಅಂತ ಅಮ್ಮನಿಗೂ ಹೋಂಸ್ಟೇಯವರಿಗೂ ಹೇಳಿ ಹೊರಡಿ.


ಹಳೇಬೂಟು (ಸೆಪ್ಟೆಂಬರ್ 16)

ಚೀಲ. ಒಳಗೆ ಒಂದು ದಪ್ಪ ದೊಡ್ಡ ಕವರ್ ಹಾಕಿ, ಅದರೊಳಗೆ ಬಟ್ಟೆ ಇಡಿ. ಹೊರಗಿನ ರೈನ್ ಕವರ್ ಬೆನ್ನ ಕಡೆಯಿಂದ ನೀರು ಬಿಡುತ್ತದೆ. ಒಂದು ಜೊತೆ ಒಣ ಬಟ್ಟೆ, ಕಾಲುಚೀಲ, ಉಣ್ಣೆ ಟೋಪಿ. ತಲಾ ಎರಡೂವರೆ ಲೀಟರ್ ನೀರು, ಓಆರ್‌ಎಸ್ ನಾಲ್ಕು ಪೊಟ್ಟಣ. ಚಪಾತಿ ಪಲ್ಯ, ಬೆಲ್ಲ, ಹುರಿಗಡಲೆ, ಬಾಳೆಹಣ್ಣು. ಚಿತ್ರಾನ್ನ ಸ್ಟೀಲ್ ಡಬ್ಬಿಯಲ್ಲಿ. ಚಿಪ್ಸ್ ಬಿಸ್ಕತ್ತಿನ ಪ್ಲಾಸ್ಟಿಕ್ ತರಬೇಡಿ, ಚೀಲ ಬಿಚ್ಚಿಸಿ ನೋಡುತ್ತಾರೆ, ನೋಡಲೂಬೇಕು. ಅಪ್ಪನಿಗೆ ಒಂದು ಕೋಲು, ಬಿದಿರಿನದಾದರೂ ಸರಿ. ಚಪ್ಪಲಿಯವರು ಹೆದರಿಸಿದ ಹತ್ತು ಸಾವಿರ ಎಲ್ಲೂ ಬೇಕಾಗಿಲ್ಲ ನೋಡಿ.

ಶೂ ಮಾತ್ರ ಪರೀಕ್ಷೆ ಮಾಡಿ. ಹೊಸದು ಕಚ್ಚುತ್ತದೆ. ತುಂಬಾ ದಿನ ಕಪಾಟಿನಲ್ಲಿದ್ದ ಹಳೆಯದು ಇನ್ನೂ ಅಪಾಯ. ನೋಡಲು ಚೆನ್ನಾಗೇ ಇರುತ್ತದೆ, ಒಳಗೆ ಅಟ್ಟೆಯ ಫೋಮ್ ಪುಡಿಯಾಗಿರುತ್ತದೆ. ಒದ್ದೆ ದಾರಿಯಲ್ಲಿ ಬಾಯಿ ಬಿಡುತ್ತದೆ.


ಚಪ್ಪಲಿ_ಚಾರಣ (ಸೆಪ್ಟೆಂಬರ್ 17)

ಸರಿ ಸರಿ. ನ್ಯಾಯವಾಗಿ ಒಂದು ಮಾತು ಹೇಳಿಬಿಡುತ್ತೇನೆ. ನಾನು ಹೋಗಿದ್ದು ಡಿಸೆಂಬರ್ ಕೊನೇ ವಾರ. ಆಗ 24 ವರ್ಷ.


ಕಳಸದ_ಕಾಫಿ (ಸೆಪ್ಟೆಂಬರ್ 17)

ಅದನ್ನು ಮೊದಲ ಸಾಲಿನಲ್ಲೇ ಹೇಳಬೇಕಿತ್ತು ಮಾರಾಯ್ರೇ. ಡಿಸೆಂಬರ್‌ನಲ್ಲಿ ಹಳ್ಳದಲ್ಲಿ ಕರವಸ್ತ್ರ ಅದ್ದಬಹುದು ಅಷ್ಟೇ.


ಬಸವನಗುಡಿ_ವನಜ (ಸೆಪ್ಟೆಂಬರ್ 22)

ಶಿವಗಂಗೆ ಆಯಿತು. ಅಪ್ಪ ಆರಾಮ. ನನಗೆ ಮೂರು ದಿನ ಮೆಟ್ಟಿಲು ಇಳಿಯಲು ಗೋಡೆ ಬೇಕಾಯಿತು. ತಮ್ಮ ಬರಲಿಲ್ಲ, "ನಾನು ದಿನಾ ಟ್ರೆಡ್‌ಮಿಲ್ ಮಾಡ್ತೀನಲ್ಲ" ಅಂದ. ಡಾಕ್ಟರ್ ಒಪ್ಪಿದ್ದಾರೆ, ಒಂದು ಮಾತ್ರೆಯ ಹೊತ್ತು ಬದಲಿಸಿಕೊಟ್ಟರು.


ಬಸವನಗುಡಿ_ವನಜ (ಅಕ್ಟೋಬರ್ 7)

ಬಂದೆವು! ಎಲ್ಲರೂ ಸರಿಯಾಗಿದ್ದೇವೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಹೊರಟಿದ್ದು 7:20ಕ್ಕೆ. ಬಿಸಿಲು. ಮೊದಲ ಹಳ್ಳದಲ್ಲಿ ನೀರು ಪಾದದ ಮೇಲೆ ಎರಡು ಬೆರಳು. ಅಪ್ಪ ಶುರುವಿನಿಂದಲೇ ಒಂದೇ ಹೆಜ್ಜೆ, ಯಾರು ಮುಂದೆ ಹೋದರೂ ಅವರಿಗೆ ಬೇಕಿಲ್ಲ. ತಮ್ಮ ಓಡುತ್ತಾನೆ, ಕೂರುತ್ತಾನೆ, ಓಡುತ್ತಾನೆ. ಪ್ರತಿ ಸಲ ಅವನು ಕೂತಾಗಲೂ ಅಪ್ಪ ಅವನನ್ನು ದಾಟಿ ಹೋಗುತ್ತಿದ್ದರು. ಸಾಕ್ಸ್ ಕೆಲಸ ಮಾಡಿತು. ನನಗೆ ಎರಡೇ ಇಂಬಳ, ಎರಡೂ ಕೈಗೆ. ಮೊದಲನೆಯದಕ್ಕೆ ಕಿರುಚಿದೆ. ಎರಡನೆಯದನ್ನು ಉಗುರಿನಿಂದ ಸರಿಸಿ ಎಲೆ ಮೇಲೆ ಬಿಟ್ಟೆ.

ಒಂಟಿ ಮರದ ಹತ್ತಿರ ಹತ್ತಿಪ್ಪತ್ತು ಜನ ಕೂತಿದ್ದರು. ಅಪ್ಪ ಅವರಿಗೆಲ್ಲಾ ಮೇಷ್ಟ್ರ ಪಾಠ ಒಪ್ಪಿಸಿದರು. ಒಬ್ಬ ಹುಡುಗ "ಅಂಕಲ್, ಬಿಸಿಲಿದೆ" ಅಂದ.

ತುದಿಗೆ ಮುಟ್ಟಿದ್ದು 12:15. ಏನು ಕಂಡಿತು? ಏನೂ ಇಲ್ಲ. ಕೊನೆಯ ಅರ್ಧ ಗಂಟೆಯಲ್ಲಿ ಮೋಡ ಬಂದು ಮುಚ್ಚಿಬಿಟ್ಟಿತ್ತು. ನಮ್ಮ ಕಾಲು ಕಾಣುತ್ತಿತ್ತು, ಹುಲ್ಲು ಕಾಣುತ್ತಿತ್ತು, ಅಷ್ಟೇ. ನನಗೆ ಅಳು ಬರುವ ಹಾಗಾಯಿತು. ಅಪ್ಪ ಸುತ್ತ ನೋಡಿ, "ಕೆಳಗಿಂದಲೂ ಹೀಗೇ ಕಾಣ್ತಿತ್ತಮ್ಮ" ಅಂದರು. ಚಪಾತಿ ಬಿಚ್ಚಿದರು.

ತಮ್ಮ ಕಾಯೋಣ ಅಂದ. ಇನ್ನರ್ಧ ಗಂಟೆಯಲ್ಲಿ ಮೋಡ ಸರಿಯುತ್ತೆ, ಇಷ್ಟು ದೂರ ಬಂದು ಒಂದು ಫೋಟೋನೂ ಇಲ್ಲದೆ ಹೋಗೋದಾ ಅಂತ. ನನಗೂ ಹಾಗೇ ಅನಿಸಿತ್ತು. ಅಪ್ಪ ಗಡಿಯಾರ ನೋಡಿದರು. ಡಬ್ಬಿ ಮುಚ್ಚಿ, "ಸೈರನ್ ಆಯ್ತು, ಏಳಿ" ಅಂದರು. ಟೌನ್‌ಶಿಪ್‌ನಲ್ಲಿ ನಮ್ಮನ್ನು ಸ್ಕೂಲಿಗೆ ಎಬ್ಬಿಸುತ್ತಿದ್ದಿದ್ದೂ ಅದೇ ಮಾತಿನಿಂದ. ಇಬ್ಬರೂ ಮಾತಾಡದೆ ಎದ್ದೆವು.

ಇಳಿಯುವಾಗ ಒಂದೂಮುಕ್ಕಾಲಿಗೆ ತಮ್ಮನ ಬಲಗಾಲಿನ ಶೂ ಬಾಯಿ ಬಿಟ್ಟಿತು. ಹಳೇಬೂಟು ಅವರು ಹೇಳಿದ್ದು ಅಕ್ಷರಶಃ. ಕಾಲೇಜಿನಲ್ಲಿ ಕೊಂಡ ಟ್ರೆಕ್ಕಿಂಗ್ ಶೂ, ಎರಡು ಸಲ ಹಾಕಿ ಕಪಾಟಿನಲ್ಲಿಟ್ಟಿದ್ದ. ಅಟ್ಟೆ ಮುಂದಿನಿಂದ ಹಿಮ್ಮಡಿವರೆಗೆ ಕಳಚಿ, ಹೆಜ್ಜೆಗೊಂದು ಸಲ ಚಪ್ಪಾಳೆ ಹೊಡೆಯುತ್ತಿತ್ತು. ಒಳಗೆ ಕಪ್ಪು ಪುಡಿ, ಹಳೇ ರಸ್ಕ್ ಥರ. ಗೈಡ್ ಅಣ್ಣ ಅವರದೇ ಚೀಲದಿಂದ ನೈಲಾನ್ ದಾರ ತೆಗೆದು ಪಾರ್ಸೆಲ್ ಕಟ್ಟಿದ ಹಾಗೆ ಕಟ್ಟಿದರು. ಅರ್ಧ ಗಂಟೆಗೊಮ್ಮೆ ಮತ್ತೆ ಬಿಗಿಯಬೇಕಾಗುತ್ತಿತ್ತು. ನಮ್ಮ ವೇಗ ಅರ್ಧಕ್ಕೆ ಇಳಿಯಿತು.

ಎರಡೂಮುಕ್ಕಾಲಿಗೆ ಗುಡುಗು. ಎಣಿಸಿದೆ, ಇಪ್ಪತ್ತೆರಡು. ಅಷ್ಟರಲ್ಲಿ ನಾವು ಹುಲ್ಲು ದಾಟಿ ಕಾಡಿನೊಳಗೆ ಬಂದಿದ್ದೆವು. ಮಳೆ ಸುರಿದಿದ್ದು ಹೇಗೆಂದರೆ, ಮಾತಾಡಿದರೆ ಬಾಯಿಗೆ ನೀರು. ಮೂರೂವರೆಗೆ ಹಳ್ಳ. ಬೆಳಿಗ್ಗೆ ಎರಡು ಬೆರಳು ಇದ್ದ ನೀರು ಈಗ ಕಾಫಿ ಬಣ್ಣ, ಮಂಡಿ ಮೇಲೆ. ಗೈಡ್ ಅಣ್ಣ ಕೋಲು ಇಳಿಸಿ ನೋಡಿ, "ಕೂರಿ" ಅಂದರು. ಕೂತೆವು. ನಾಲ್ಕು ಹುಡುಗರು ನಮ್ಮ ಪಕ್ಕದಲ್ಲೇ ದಾಟಲು ಇಳಿದರು. ಅಪ್ಪ ಅವರನ್ನು ಡ್ಯೂಟಿ ಧ್ವನಿಯಲ್ಲಿ ಗದರಿ ವಾಪಸ್ ಕರೆದರು. ನಲವತ್ತು ನಿಮಿಷ ಕಾದೆವು. ಆ ಹೊತ್ತಿನಲ್ಲಿ ತಮ್ಮ ನಡುಗಲು ಶುರು ಮಾಡಿದ. ಅವನ ಒಣ ಬಟ್ಟೆ ಒದ್ದೆಯಾಗಿತ್ತು, ಒಳಗೆ ಕವರ್ ಹಾಕಿರಲಿಲ್ಲ. ಅಪ್ಪನ ಉಣ್ಣೆ ಟೋಪಿ, ನನ್ನ ಸ್ವೆಟರ್ ಹಾಕಿ ಕೂರಿಸಿ ಬೆಲ್ಲ ತಿನ್ನಿಸಿದೆವು. ನನ್ನ ಸ್ವೆಟರ್‌ನಲ್ಲಿ ನೇರಳೆ ಹೂವುಗಳಿವೆ. ಫೋಟೋ ತೆಗೆದಿದ್ದೇನೆ. ಇಡೀ ದಿನದ ಒಳ್ಳೆಯ ಫೋಟೋ ಅದೇ.

ನಾಲ್ಕೂಕಾಲಿಗೆ ಗೈಡ್ ಅಣ್ಣ ಕೈ ಹಿಡಿದು ಒಬ್ಬೊಬ್ಬರನ್ನೇ ದಾಟಿಸಿದರು. ಮುಳ್ಳೋಡಿ ಮುಟ್ಟಿದಾಗ 5:50. ಕೊನೆಯ ಹತ್ತು ನಿಮಿಷ ಟಾರ್ಚ್ ಬೇಕಾಯಿತು, ಮರಗಳ ಕೆಳಗೆ ಆಗಲೇ ಕತ್ತಲೆ.


ಹಳೇಬೂಟು (ಅಕ್ಟೋಬರ್ 7)

ಓದಿ ಎದೆ ಡವಡವ ಅಂದಿತು. ಅಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ.


ಡಾಕ್ಟ್ರಮ್ಮ (ಅಕ್ಟೋಬರ್ 7)

ತಮ್ಮನಿಗೆ ಜ್ವರ ಗಿರ ಇಲ್ಲ ತಾನೇ?


ಬಸವನಗುಡಿ_ವನಜ (ಅಕ್ಟೋಬರ್ 7)

ಇಲ್ಲ ಡಾಕ್ಟ್ರೇ, ಬರೀ ನಾಚಿಕೆ. ಅಪ್ಪನಿಗೆ ಮೈಕೈ ನೋವೂ ಇಲ್ಲ. ಸೋಮವಾರ ಬೆಳಿಗ್ಗೆ ಲಾಲ್‌ಬಾಗ್‌ಗೆ ಹೋಗಿದ್ದರು. ಜನವರಿಯಲ್ಲಿ ಆಕಾಶ ತಿಳಿಯಾಗಿರುತ್ತದೆ ಅಂತ ಅಲ್ಲಿ ಯಾರೋ ಹೇಳಿದ್ದಾರಂತೆ, ನಿಜವಾ ಕಾಫಿಯಣ್ಣ?


ಕಳಸದ_ಕಾಫಿ (ಅಕ್ಟೋಬರ್ 8)

ನಿಜ. ಆದರೆ ಬೇಸಿಗೆ ಹತ್ತಿರ ಬಂದ ಹಾಗೆ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ, ಆಗ ದಾರಿ ಮುಚ್ಚುತ್ತಾರೆ. ಜನವರಿ ಮೊದಲಲ್ಲೇ ಬನ್ನಿ. ಉಣುಗಿನ ವಿಷಯ ಸಾವಿತ್ರಿ ಅಕ್ಕ ಹೇಳಿದ್ದು ನೆನಪಿರಲಿ.


ಚಪ್ಪಲಿ_ಚಾರಣ (ಅಕ್ಟೋಬರ್ 8)

ಎಲ್ಲಾ ಸರಿ, ಆ ಶೂ ಏನಾಯಿತು?


ಬಸವನಗುಡಿ_ವನಜ (ಅಕ್ಟೋಬರ್ 8)

ಬಾಳೆಗಲ್‌ನಲ್ಲಿ ಕಸದ ಡಬ್ಬಿಗೆ ಹಾಕಲು ಹೋದ. ಅಪ್ಪ ಬಿಡಲಿಲ್ಲ, ನಮ್ಮ ಕಸ ನಮ್ಮ ಊರಿಗೆ ಅಂದರು. ಈಗ ಬಾಲ್ಕನಿಯಲ್ಲಿದೆ, ನೈಲಾನ್ ದಾರದ ಸಮೇತ. ಅಮ್ಮ ಅದರಲ್ಲಿ ದೊಡ್ಡಪತ್ರೆ ನೆಟ್ಟಿದ್ದಾರೆ.